ಕಾರ್ ಇನ್ಶೂರೆನ್ಸ್ ರಿವ್ಯೂ: ಏಳೂವರೆ ಲಕ್ಷದ ಸಾಲು, ನೂರು ರೂಪಾಯಿಯ ಟಿಕ್

ಗದಗದಲ್ಲಿ ನಮ್ಮದೊಂದು ಸಣ್ಣ ಪ್ರಿಂಟಿಂಗ್ ಪ್ರೆಸ್. ಮದುವೆ ಕಾರ್ಡು, ಬಿಲ್ ಬುಕ್ಕು, ವರ್ಷದ ಕೊನೆಗೆ ಕ್ಯಾಲೆಂಡರ್. ಸಣ್ಣ ಅಕ್ಷರ ಓದೋದೇ ನಮ್ಮ ಹೊಟ್ಟೆಪಾಡು. ಬೀಗರ ಹೆಸರಲ್ಲಿ ಒಂದು ಒತ್ತಕ್ಷರ ತಪ್ಪಿದರೂ ಇಡೀ ಬಂಡಲ್ ವಾಪಸ್ ಬರುತ್ತೆ. ಹಾಗಾಗಿ ಕಾರಿನ ಪಾಲಿಸಿ ಕೈಗೆ ಬಂದಾಗ ಮೇಲಿನ ದಪ್ಪ ಅಂಕಿ ಬಿಟ್ಟು ಕೆಳಗಿನ ಸಣ್ಣ ಸಾಲಿಗೇ ನನ್ನ ಕಣ್ಣು ಹೋಗೋದು. ಈ ರಿವ್ಯೂ ಆ ಸಣ್ಣ ಸಾಲುಗಳ ಬಗ್ಗೆ.

ತಗೊಂಡದ್ದು ಒಂದು ಖಾಸಗಿ ಕಂಪನಿಯ ಪ್ಯಾಕೇಜ್ ಪಾಲಿಸಿ. ನಮ್ಮ ಕಡೆ ಜನ 'ಫುಲ್ ಇನ್ಶೂರೆನ್ಸ್' ಅನ್ನುತ್ತಾರಲ್ಲ, ಅದು. ನಮ್ಮ ಗಾಡಿಗೆ ಆಗೋ ನಷ್ಟ, ನಮ್ಮ ಗಾಡಿಯಿಂದ ಬೇರೆಯವರಿಗೆ ಆಗೋ ನಷ್ಟ ಎರಡೂ ಸೇರಿದ್ದು. ಗಾಡಿ ಪೆಟ್ರೋಲ್ ಸ್ವಿಫ್ಟ್, 1197 ಸಿಸಿ. ಮಾಡಿಸಿದ್ದು ಹುಬ್ಬಳ್ಳಿ ವಿದ್ಯಾನಗರದ ಒಬ್ಬ ಏಜೆಂಟ್ ಮೇಡಮ್ ಹತ್ತಿರ. ಅದಕ್ಕೂ ಮೊದಲು ಒಂದು ಆನ್‌ಲೈನ್ ತಾಣದಲ್ಲೂ ಅರ್ಧ ದಾರಿ ಹೋಗಿ ಬಂದಿದ್ದೆ. ಎರಡರ ಬಗ್ಗೆಯೂ ಹೇಳುತ್ತೇನೆ. ಹೆಸರು ಯಾರದ್ದೂ ಹಾಕಿಲ್ಲ. ಹಾಕಿದರೂ ಉಪಯೋಗ ಕಡಿಮೆ, ಯಾಕೆ ಅಂತ ಮುಂದೆ ಗೊತ್ತಾಗುತ್ತೆ.

ಕಾರಿನ ಇನ್ಶೂರೆನ್ಸ್ ಅಂದ ಕೂಡಲೇ ನಾವು ಕೇಳೋದು ಮೂರೇ ಪ್ರಶ್ನೆ. ಐಡಿವಿ, ಅಂದರೆ ಗಾಡಿ ಪೂರ್ತಿ ಹೋದರೆ ಸಿಗೋ ಮೊತ್ತ, ಎಷ್ಟು? ಬಂಪರ್ ಟು ಬಂಪರ್, ಅಂದರೆ ಬಿಡಿಭಾಗಗಳ ಸವಕಳಿ ಕಳೆಯದೆ ರಿಪೇರಿ ದುಡ್ಡು ಕೊಡೋದು, ಇದೆಯಾ? ಶೋರೂಮ್‌ನಲ್ಲಿ ಕ್ಯಾಶ್‌ಲೆಸ್ ಆಗುತ್ತಾ? ಮೂರೂ ನಮ್ಮ ಗಾಡಿ ರಿಪೇರಿಯ ಪ್ರಶ್ನೆ. ಗಾಡಿ ಪೂರ್ತಿ ಹೋದರೂ ನಮ್ಮ ನಷ್ಟ ಐದಾರು ಲಕ್ಷ. ನಮ್ಮ ಗಾಡಿಯಿಂದ ಇನ್ನೊಬ್ಬರಿಗೆ ಏಟಾದರೆ ಎಷ್ಟು ಹೋಗಬಹುದು ಅನ್ನೋ ಪ್ರಶ್ನೆ ಇದೆಯಲ್ಲ, ಅದನ್ನು ಕೌಂಟರ್‌ನಲ್ಲಿ ಯಾರೂ ಕೇಳಿದ್ದು ನಾನು ನೋಡಿಲ್ಲ. ಮನೆ, ಹೊಲ ಮಾರೋ ಪರಿಸ್ಥಿತಿ ಬರೋದು ಅಲ್ಲಿಂದಲೇ.

ಬೇರೆಯವರಿಗೆ ಆಗೋ ನಷ್ಟದ ಆ ಭಾಗಕ್ಕೆ 'ಥರ್ಡ್ ಪಾರ್ಟಿ' ಅನ್ನುತ್ತಾರೆ. ಅದಕ್ಕೆ ನಾವು ಕೊಡೋ ದುಡ್ಡು ಕಂಪನಿ ಇಟ್ಟ ದರವಲ್ಲ, ಸರ್ಕಾರ ಇಟ್ಟದ್ದು. 2022ರ ಜೂನ್ 1ರಿಂದ ಜಾರಿಗೆ ಬಂದ ದರದ ಪ್ರಕಾರ 1000 ಸಿಸಿ ಒಳಗಿನ ಖಾಸಗಿ ಕಾರಿಗೆ ವರ್ಷಕ್ಕೆ 2,094 ರೂಪಾಯಿ. 1000ದಿಂದ 1500 ಸಿಸಿವರೆಗೆ 3,416. ಅದಕ್ಕೂ ದೊಡ್ಡ ಎಂಜಿನ್ ಆದರೆ 7,897. ಮೇಲೆ ಜಿಎಸ್‌ಟಿ. ನನ್ನ ಬಿಲ್ಲಿನಲ್ಲೂ ಇದ್ದದ್ದು ಅದೇ 3,416. ಎಲ್ಲ ಕಂಪನಿಯಲ್ಲೂ ಅದೇ ಸರಕು, ಅದೇ ರೇಟು. ಅದಕ್ಕೇ ಹೆಸರು ಹಾಕಿ ಉಪಯೋಗ ಇಲ್ಲ ಅಂದದ್ದು. ಕಂಪನಿ ಕಂಪನಿಗೆ ಫರಕು ಇರೋದು ಎರಡೇ ಕಡೆ: ಆ ಸರಕನ್ನು ನಮಗೆ ಎಷ್ಟು ಸರಿಯಾಗಿ ತಿಳಿಸಿ ಹೇಳುತ್ತಾರೆ, ಮತ್ತೆ ನಮಗೆ ಗೊತ್ತಾಗದ ಹಾಗೆ ಅದರಲ್ಲಿ ಏನು ಕತ್ತರಿಸುತ್ತಾರೆ.

ಕತ್ತರಿಯ ವಿಷಯ ಮೊದಲು. ಆನ್‌ಲೈನ್ ತಾಣದಲ್ಲಿ ಗಾಡಿ ನಂಬರ್ ಹಾಕಿದ ಕೂಡಲೇ ಒಳ್ಳೆ ರೇಟ್ ತೋರಿಸಿತು. ಏಜೆಂಟ್ ಮೇಡಮ್ ಹೇಳಿದ್ದಕ್ಕಿಂತ ಸುಮಾರು ಸಾವಿರ ರೂಪಾಯಿ ಕಡಿಮೆ. ಅದರಲ್ಲಿ ಹೆಚ್ಚಿನ ಪಾಲು ನಮ್ಮ ಗಾಡಿ ಡ್ಯಾಮೇಜ್ ಭಾಗದ ಡಿಸ್ಕೌಂಟು, ಅದರ ತಕರಾರಿಲ್ಲ. ಆದರೆ ಕೆಳಗೆ 'ಇನ್ನಷ್ಟು ಉಳಿಸಿ' ಅಂತ ಒಂದು ಡಬ್ಬಿ ಇತ್ತು. ಅದನ್ನು ತೆರೆದರೆ ಒಂದು ಟಿಕ್, ಆಗಲೇ ಹಾಕಿಟ್ಟದ್ದು. ಥರ್ಡ್ ಪಾರ್ಟಿ ಪ್ರಾಪರ್ಟಿ ಡ್ಯಾಮೇಜ್ ಮಿತಿ 6,000ಕ್ಕೆ ಇಳಿಸಿ, 100 ರೂಪಾಯಿ ಉಳಿಸಿ. ಜಿಎಸ್‌ಟಿ ಸೇರಿ 118. ಹಾಗಂದ್ರೆ ಏನು ಅಂತ ತೋರಿಸೋಕೆ ಪಕ್ಕದಲ್ಲಿ ಒಂದು ಸಣ್ಣ ಪ್ರಶ್ನೆ ಚಿಹ್ನೆ. ಮೊಬೈಲಿನಲ್ಲಿ ಅದನ್ನು ಒತ್ತಿದರೆ ಏನೂ ತೆರೆಯಲಿಲ್ಲ. ನಾನು ಅಲ್ಲಿಂದ ಎದ್ದು ಬಂದದ್ದು ಆ ಟಿಕ್ ನೋಡಿಯೇ.

ಇದು ಕಾನೂನುಬಾಹಿರ ಅಲ್ಲ. ಬೇರೆಯವರ ಆಸ್ತಿಪಾಸ್ತಿಗೆ ಆಗೋ ನಷ್ಟಕ್ಕೆ ಮೋಟಾರು ವಾಹನ ಕಾಯ್ದೆ ಮೊದಲಿಂದ ಇಟ್ಟಿದ್ದ ಕನಿಷ್ಠ ಮಿತಿಯೇ 6,000 ರೂಪಾಯಿ. ಕಾರಿನ ಪಾಲಿಸಿಯಲ್ಲಿ ಅದನ್ನು 7.5 ಲಕ್ಷಕ್ಕೆ ಏರಿಸಿ ಕೊಡುತ್ತಾರೆ. ಬೈಕಿಗಾದರೆ 1 ಲಕ್ಷ. 'ನನಗೆ ಅಷ್ಟು ಬೇಡ, 6,000 ಸಾಕು' ಅಂತ ನಾವಾಗಿಯೇ ಬರೆದುಕೊಟ್ಟರೆ ಪ್ರೀಮಿಯಂನಲ್ಲಿ 100 ರೂಪಾಯಿ ಬಿಡುತ್ತಾರೆ. ನಾವಾಗಿಯೇ ಕೇಳಿದರೆ ಅಂತ ಇರೋದನ್ನು ತಾವೇ ಟಿಕ್ ಹಾಕಿಟ್ಟು, 'ಬೇಡ ಅಂದ್ರೆ ತೆಗೀರಿ' ಅನ್ನೋದು ವ್ಯಾಪಾರವಾ? ಈ ಮಿತಿ ಇಳಿಸೋ ಷರತ್ತಿನ ನಂಬರ್ 'ಐಎಂಟಿ 20'. ನಿಮ್ಮ ಪಾಲಿಸಿಯಲ್ಲಿ ಅದನ್ನು ಎಲ್ಲಾದರೂ ಬರೆದಿದ್ದರೆ ಆ ಕತ್ತರಿ ಬಿದ್ದಿದೆ ಅಂತಲೇ ಅರ್ಥ. ಈಗಲೇ ತೆಗೆದು ನೋಡಿ, ಡ್ಯಾಶ್‌ಬೋರ್ಡಿನ ಖಾನೆಯಲ್ಲಿ ಇರುತ್ತೆ ಅಲ್ವಾ.

6,000ಕ್ಕೆ ಈಗ ಏನು ಬರುತ್ತೆ ಅಂತ ನಮ್ಮ ಷಡ್ಡಕನನ್ನು ಕೇಳಬೇಕು. ಅವರ ಕಾರು ಇಲ್ಲೇ ಮುಳಗುಂದ ನಾಕಾದ ಹತ್ತಿರ ಒಂದು ಕೂಲ್ ಡ್ರಿಂಕ್ಸ್ ಅಂಗಡಿಗೆ ನುಗ್ಗಿತು. ಓಡಿಸುತ್ತಿದ್ದದ್ದು ಅವರ ಮಗ. ಲೈಸೆನ್ಸ್ ಇತ್ತು, ಕುಡಿದಿರಲಿಲ್ಲ. ಎಡಕ್ಕೆ ಬಂದ ಬೈಕ್ ತಪ್ಪಿಸೋಕೆ ಹೋಗಿ ಆದದ್ದು. ದೇವರ ದಯೆ, ಯಾರಿಗೂ ಏಟಾಗಲಿಲ್ಲ. ಆದರೆ ಅಂಗಡಿ ಮುಂದಿದ್ದ ಗಾಜಿನ ಬಾಗಿಲಿನ ಫ್ರಿಜ್ ಅಡ್ಡ ಬಿತ್ತು. ಶಟರ್ ಬಿಲ್ಲಿನ ಹಾಗೆ ಬಾಗಿತು. ಕಬ್ಬಿನ ಹಾಲಿನ ಮಷೀನಿನ ರೋಲರ್ ಒಂದು ಕಡೆ, ಮೋಟಾರ್ ಒಂದು ಕಡೆ. ಅಂಗಡಿಯವರು ಪಾಪ ಬಡವರು, ಫ್ರಿಜ್ ಕಂತಿನ ಮೇಲೆ ತಂದದ್ದು. ಅವರು ಕೇಳಿದ್ದು ಒಂದು ಲಕ್ಷದ ನಲವತ್ತು ಸಾವಿರ.

ಷಡ್ಡಕರು ಧೈರ್ಯವಾಗಿಯೇ ಇದ್ದರು. ಫುಲ್ ಇನ್ಶೂರೆನ್ಸ್ ಇದೆ, ಕಂಪನಿ ನೋಡಿಕೊಳ್ಳುತ್ತೆ ಅಂತ. ಕಾರಿನ ಮುಂಭಾಗ ಕಂಪನಿ ದುಡ್ಡಲ್ಲಿ ರಿಪೇರಿ ಆಗಿಯೂ ಬಂತು. ಅಂಗಡಿಯವರು ವಕೀಲರನ್ನು ಹಿಡಿದು ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಹಾಕಿದರು. ನಮ್ಮ ಕಡೆ ವಕೀಲರ ಬಾಯಲ್ಲಿ ಅದು 'ಎಂವಿಸಿ ಕೇಸು'. ಅಲ್ಲಿ ಕಂಪನಿ ವಕೀಲರು ಪಾಲಿಸಿ ಪ್ರತಿ ಹಾಜರುಪಡಿಸಿ ಒಂದೇ ಸಾಲು ತೋರಿಸಿದರು: ಪ್ರಾಪರ್ಟಿ ಡ್ಯಾಮೇಜ್, 6,000 ರೂಪಾಯಿ. ಕೊನೆಗೆ ಲೋಕ ಅದಾಲತ್‌ನಲ್ಲಿ 85,000ಕ್ಕೆ ರಾಜಿ ಆಯಿತು. ಕಂಪನಿ ಕೊಟ್ಟದ್ದು 6,000. ಉಳಿದ 79,000 ಷಡ್ಡಕರ ಕೈಯಿಂದ. ಪಾಲಿಸಿ ಮಾಡಿಸಿದ್ದು ಅವರ ಪರಿಚಯದ ಹುಡುಗ. 'ಕಾಕಾ, ಕಡಿಮಿ ರೇಟಿಗೆ ಮಾಡ್ಸಿಕೊಟ್ಟೀನ್ರಿ' ಅಂದಿದ್ದನಂತೆ. ಕಡಿಮೆ ಆದದ್ದರಲ್ಲಿ ಈ ನೂರೂ ಒಂದು.

ಈಗ ನನ್ನ ಪಾಲಿಸಿ. ಶೆಡ್ಯೂಲ್, ಅಂದರೆ ಪಾಲಿಸಿಯ ವಿವರ ಪಟ್ಟಿ, ಅದರ ಎರಡನೇ ಪುಟದ ಮಧ್ಯೆ 'ಲಿಮಿಟ್ಸ್ ಆಫ್ ಲಯಬಿಲಿಟಿ' (ಹೊಣೆಗಾರಿಕೆಯ ಮಿತಿ) ಅಂತ ಒಂದು ಚೌಕ. ಆರು ಪಾಯಿಂಟ್ ಅಕ್ಷರ, ಅದೂ ಬೂದು ಬಣ್ಣದಲ್ಲಿ. ನಮ್ಮ ಪ್ರೆಸ್ಸಿನಲ್ಲಿ ಆಹ್ವಾನ ಪತ್ರಿಕೆಯ ಕೆಳಗೆ ಪ್ರೆಸ್ ಹೆಸರು ಹಾಕೋಕೂ ಅಷ್ಟು ಸಣ್ಣದು ಬಳಸಲ್ಲ. ಇರೋದು ಎರಡೇ ಸಾಲು. ಮೊದಲನೆಯದು ಸಾವು ಅಥವಾ ಗಾಯದ್ದು. ಅಲ್ಲಿ ಅಂಕಿಯೇ ಇಲ್ಲ. '1988ರ ಮೋಟಾರು ವಾಹನ ಕಾಯ್ದೆಯ ಅಗತ್ಯಕ್ಕೆ ಬೇಕಾದಷ್ಟು ಮೊತ್ತ' ಅನ್ನೋ ಅರ್ಥದ ಇಂಗ್ಲಿಷ್ ಸಾಲು. ಎರಡನೆಯದು ಆಸ್ತಿಯದ್ದು. ಒಂದು ಘಟನೆಯಿಂದ ಎಷ್ಟೇ ಕ್ಲೇಮ್ ಬಂದರೂ ಒಟ್ಟು 7,50,000. 'ಒಟ್ಟು' ಅನ್ನೋದನ್ನು ಗಮನಿಸಿ. ಮೂರು ಅಂಗಡಿಗೆ ನುಗ್ಗಿದರೆ ಮೂರು ಏಳೂವರೆ ಲಕ್ಷ ಸಿಗಲ್ಲ, ಮೂವರೂ ಹಂಚಿಕೊಳ್ಳಬೇಕು.

ಮೊದಲ ಸಾಲಿನಲ್ಲಿ ಅಂಕಿ ಯಾಕಿಲ್ಲ ಅಂತ ಏಜೆಂಟ್ ಮೇಡಮ್ ಅವರನ್ನು ಕೇಳಿದೆ. ಅವರು ರಸೀದಿ ತಿರುಗಿಸಿ ಹಿಂದೆ ಪೆನ್ನಲ್ಲಿ ಬರೆದು ತೋರಿಸಿದರು. ಆ ರಸೀದಿ ಇನ್ನೂ ನನ್ನ ಹತ್ತಿರ ಇದೆ. 'ಮಂದಿಗೆ: ಮಿತಿ ಇಲ್ಲ. ಸಾಮಾನಿಗೆ: ಏಳೂವರೆ ಲಕ್ಷ. ಒಳಗ ಕೂತವರಿಗೆ: ಪ್ಯಾಕೇಜ್ ಇದ್ದರಷ್ಟೇ.' ಹನ್ನೆರಡು ಪುಟದ ಪಾಲಿಸಿಗಿಂತ ಆ ರಸೀದಿಯ ಬೆನ್ನು ಚೆನ್ನಾಗಿದೆ.

'ಮಿತಿ ಇಲ್ಲ' ಅಂದರೆ ಎಷ್ಟಾಗಬಹುದು? ಲೆಕ್ಕ ಹಾಕೋಣ. ನ್ಯಾಯಮಂಡಳಿಗಳು ಸುಮ್ನೆ ಬಾಯಿಗೆ ಬಂದ ಮೊತ್ತ ಹೇಳಲ್ಲ. ಸುಪ್ರೀಂ ಕೋರ್ಟಿನ 2009ರ ಸರಳಾ ವರ್ಮಾ ತೀರ್ಪು, 2017ರ ಪ್ರಣಯ್ ಸೇಠಿ ತೀರ್ಪು, ಎರಡೂ ಸೇರಿ ಒಂದು ಸೂತ್ರ ಇದೆ. 35 ವರ್ಷದ ಒಬ್ಬರು, ಸ್ವಂತ ವೆಲ್ಡಿಂಗ್ ಅಂಗಡಿ, ತಿಂಗಳಿಗೆ 20,000 ಸಂಪಾದನೆ, ಮನೆಯಲ್ಲಿ ಅವರನ್ನೇ ನಂಬಿದವರು 4 ಜನ ಅಂತ ಇಟ್ಟುಕೊಳ್ಳಿ. 40 ವರ್ಷದ ಒಳಗಿನವರು, ಸ್ವಂತ ದುಡಿಮೆ, ಆದ್ದರಿಂದ ಮುಂದಿನ ಏಳಿಗೆಗೆ ಅಂತ ಶೇಕಡಾ 40 ಸೇರಿಸುತ್ತಾರೆ. 28,000 ಆಯಿತು. ಅವರ ಸ್ವಂತ ಖರ್ಚಿಗೆ ಅಂತ ಕಾಲು ಭಾಗ ಕಳೆಯುತ್ತಾರೆ. 21,000. ವರ್ಷಕ್ಕೆ 2,52,000. ಆ ವಯಸ್ಸಿಗೆ ಗುಣಕ 16. ಅಲ್ಲಿಗೆ 40,32,000 ರೂಪಾಯಿ. ಇದರ ಮೇಲೆ ಅಂತ್ಯಕ್ರಿಯೆ ಖರ್ಚು, ಮನೆಯವರಿಗಾದ ಅಗಲಿಕೆಯ ನಷ್ಟ, ಬಡ್ಡಿ. ಒಬ್ಬ ವೆಲ್ಡರ್ ಮನೆಯವರಿಗೆ ನ್ಯಾಯವಾಗಿ ಸಲ್ಲಬೇಕಾದ ದುಡ್ಡು ಇಷ್ಟು. ಇದನ್ನು ನನ್ನ ಪ್ರೆಸ್ ಮಾರಿದರೂ ಕೊಡೋಕಾಗಲ್ಲ. 3,416 ರೂಪಾಯಿಗೆ ಕಂಪನಿ ಹೊರುತ್ತಿರೋದು ಈ ಭಾರ. ನನ್ನ ಪ್ರಕಾರ ಇಡೀ ಬಿಲ್ಲಿನಲ್ಲಿ ಅತಿ ಅಗ್ಗದ ಸಾಲು ಇದೇ.

ಇದಕ್ಕೂ ಮಿತಿ ಹಾಕೋ ಯೋಚನೆ ಒಮ್ಮೆ ಬಂದಿತ್ತು. 2016ರ ತಿದ್ದುಪಡಿ ಮಸೂದೆಯಲ್ಲಿ ಸಾವಿಗೆ 10 ಲಕ್ಷ, ತೀವ್ರ ಗಾಯಕ್ಕೆ 5 ಲಕ್ಷ ಅಂತ ಮಿತಿ ಇತ್ತು. 2019ರಲ್ಲಿ ಬಂದ ಕಾಯ್ದೆಯಲ್ಲಿ ಅದು ಇಲ್ಲ. ಈಗ ಜನ 5 ಲಕ್ಷ, ಎರಡೂವರೆ ಲಕ್ಷ ಅನ್ನುತ್ತಾರಲ್ಲ, ಅದು ಬೇರೆ ದಾರಿ. ಯಾರ ತಪ್ಪು ಅಂತ ಸಾಬೀತು ಮಾಡದೆಯೇ ಸಾವಿಗೆ 5 ಲಕ್ಷ, ತೀವ್ರ ಗಾಯಕ್ಕೆ ಎರಡೂವರೆ ಲಕ್ಷ ಪಡೆಯೋ ಕಲಂ ಅದು. 2022ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಅದನ್ನೇ ಮೇಲ್ಮಿತಿ ಅಂದುಕೊಂಡವರು ನಮ್ಮ ಓಣಿಯಲ್ಲೇ ಇದ್ದಾರೆ.

ತಮ್ಮನ ಮಗ ಅಮೆರಿಕದ ಟೆಕ್ಸಾಸ್‌ನಲ್ಲಿದ್ದಾನೆ. ಅವನು ಹೇಳಿದ್ದು ಕೇಳಿದ ಮೇಲೆ ನಮ್ಮ ಪಾಲಿಸಿ ಇನ್ನೂ ಚೆನ್ನಾಗಿ ತಿಳಿಯಿತು. ಅಲ್ಲಿ ಕಾನೂನಿನ ಕನಿಷ್ಠ ಮಿತಿ 30/60/25. ಒಬ್ಬ ಗಾಯಾಳುವಿಗೆ 30,000 ಡಾಲರ್, ಒಂದು ಅಪಘಾತದಲ್ಲಿ ಎಲ್ಲ ಗಾಯಾಳುಗಳಿಗೂ ಸೇರಿ 60,000, ಆಸ್ತಿಗೆ 25,000. ಅದರ ಮೇಲೆ ಎಷ್ಟಾದರೂ ಓಡಿಸಿದವರ ಹಣೆಬರಹ. ಅದಕ್ಕೇ ಹೆಚ್ಚು ಪ್ರೀಮಿಯಂ ಕೊಟ್ಟು 100/300/100 ಮಾಡಿಸಿಕೊಂಡಿದ್ದಾನೆ. 'ದೊಡ್ಡಪ್ಪ, ನಿಮ್ಮಲ್ಲಿ ಎಷ್ಟೈತಿ?' ಅಂದ. ಮನುಷ್ಯರಿಗೆ ಲಿಮಿಟ್ಟೇ ಇಲ್ಲ ಅಂದೆ. ನಂಬಲಿಲ್ಲ, ಶೆಡ್ಯೂಲ್ ಫೋಟೊ ಕಳಿಸು ಅಂದ. ಅಲ್ಲಿ ಪ್ರತಿಯೊಬ್ಬರೂ ತಮ್ಮ ಮಿತಿ ತಾವೇ ಆರಿಸಬೇಕು, ಹಾಗಾಗಿ ಆ ಮೂರು ಅಂಕಿ ಎಲ್ಲರ ಬಾಯಲ್ಲೂ ಇರುತ್ತೆ. ಇಲ್ಲಿ ಆರಿಸೋಕೆ ಸಿಗೋದು ಒಂದೇ, ಆ 6,000ದ ಟಿಕ್. ಅದನ್ನೂ ಬೇರೆಯವರೇ ಆರಿಸಿಟ್ಟಿರುತ್ತಾರೆ.

ಏಳೂವರೆ ಲಕ್ಷ ಸಾಕಾ ಅಂತಲೂ ಕೇಳಿದೆ. ಹುಬ್ಬಳ್ಳಿ ಗೋಕುಲ ರಸ್ತೆಯಲ್ಲಿ ಈಗ ಓಡಾಡೋ ಕಾರುಗಳನ್ನು ನೋಡಿದರೆ ಎದೆ ಝಲ್ ಅನ್ನುತ್ತೆ. ದುಬಾರಿ ಕಾರಿನ ಒಂದು ಮೂಲೆ ಮುರಿದರೂ ಲಕ್ಷಗಳ ಮಾತು. ಈ ಕಂಪನಿಯಲ್ಲಿ ಆ ಮಿತಿ ಹೆಚ್ಚಿಸೋ ಆಯ್ಕೆ ಇಲ್ಲ ಅಂದರು. ಸಮಾಧಾನದ ವಿಷಯ ಒಂದಿದೆ. ಇಂಥ ಕಾರಿನವರು ಸಾಮಾನ್ಯವಾಗಿ ತಮ್ಮ ಪ್ಯಾಕೇಜ್ ಪಾಲಿಸಿಯಲ್ಲೇ ರಿಪೇರಿ ಮಾಡಿಸಿಕೊಳ್ಳುತ್ತಾರೆ, ಕೋರ್ಟಿಗೆ ಅಲೆಯಲ್ಲ. ತೊಂದರೆ ಆಗೋದು ಇನ್ಶೂರೆನ್ಸೇ ಇಲ್ಲದ ಅಂಗಡಿ, ತಳ್ಳುಗಾಡಿ, ಮನೆಯ ಕಂಪೌಂಡ್ ಗೋಡೆಗೆ ಹೊಡೆದಾಗ. ಅವರಿಗೆ ನಮ್ಮ ಪಾಲಿಸಿ ಬಿಟ್ಟರೆ ಬೇರೆ ದಿಕ್ಕಿಲ್ಲ. ಮತ್ತೆ ನೆನಪಿರಲಿ, ನನ್ನದೇ ಪ್ರೆಸ್ಸಿನ ಶಟರ್‌ಗೆ ನನ್ನದೇ ಕಾರು ಹೊಡೆದರೆ ಈ ಏಳೂವರೆ ಲಕ್ಷದಿಂದ ಏಳೂವರೆ ರೂಪಾಯಿಯೂ ಬರಲ್ಲ. ನಮ್ಮ ಸ್ವಂತ ಆಸ್ತಿ, ನಮ್ಮ ವಶದಲ್ಲಿರೋ ಸಾಮಾನು, ಡಿಕ್ಕಿಯಲ್ಲಿಟ್ಟ ಮದುವೆ ಕಾರ್ಡಿನ ಬಂಡಲ್, ಯಾವುದೂ ಇದರೊಳಗಿಲ್ಲ.

ರಸೀದಿಯ ಮೂರನೇ ಸಾಲು ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸಿತು. ನಮ್ಮ ಕಾರಿನೊಳಗೆ ಕೂತವರು. ಹೆಂಡತಿ, ಅತ್ತೆ, ಗೆಳೆಯರು, ದಾರಿಯಲ್ಲಿ ಕೈ ಮಾಡಿ ಹತ್ತಿದ ಪರಿಚಯದ ಮಾಸ್ತರು. ಬರೀ ಥರ್ಡ್ ಪಾರ್ಟಿ ಪಾಲಿಸಿ ಇದ್ದರೆ ಖಾಸಗಿ ಕಾರಿನಲ್ಲಿ ಪುಕ್ಕಟೆ ಪ್ರಯಾಣ ಮಾಡೋರಿಗೆ ಅದು ತಾನಾಗಿಯೇ ಅನ್ವಯಿಸಲ್ಲ ಅಂತ ಸುಪ್ರೀಂ ಕೋರ್ಟೇ ಹೇಳಿದೆ. ಪ್ಯಾಕೇಜ್ ಪಾಲಿಸಿ ಇದ್ದರೆ ಅವರೂ ಒಳಗೆ ಬರುತ್ತಾರೆ. ವಿಮಾ ನಿಯಂತ್ರಕರು 2009ರ ನವೆಂಬರಿನಲ್ಲಿ ಸುತ್ತೋಲೆ ಹೊರಡಿಸಿ ಇದನ್ನು ಖಚಿತ ಮಾಡಿದರು. 2012ರ ಬಾಲಕೃಷ್ಣನ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಹೇಳಿತು. ಏಳೆಂಟು ವರ್ಷ ಹಳೆಯದಾದ ಕಾರಿಗೆ 'ಇನ್ನೇನು, ಥರ್ಡ್ ಪಾರ್ಟಿ ಸಾಕು' ಅನ್ನೋದು ನಮ್ಮಲ್ಲಿ ರೂಢಿ. ಗಾಡಿಯ ಬೆಲೆ ನೋಡಿ ಹಾಗಂತೀವಿ. ಒಳಗೆ ಕೂತವರ ಲೆಕ್ಕ ಯಾರೂ ಹಾಕಲ್ಲ. ನನ್ನ ಸ್ವಿಫ್ಟ್ ಹಳೆಯದಾದರೂ ನಾನು ಪ್ಯಾಕೇಜ್ ಬಿಡದಿರೋ ಕಾರಣ ಇದು.

ಬೇರೆ ಸಣ್ಣಪುಟ್ಟ ಸಾಲುಗಳು ಬೇಗ ಮುಗಿಸುತ್ತೇನೆ. ಸಂಬಳದ ಡ್ರೈವರ್‌ಗೆ ಅಂತ 50 ರೂಪಾಯಿ. ನಮ್ಮ ಪ್ರೆಸ್ ಹುಡುಗ ಆಗಾಗ ಪೇಪರ್ ತರೋಕೆ ಹುಬ್ಬಳ್ಳಿಗೆ ಗಾಡಿ ಒಯ್ಯುತ್ತಾನೆ, ಹಾಕಿಸಿದೆ. ಪ್ರಯಾಣಿಕರಿಗೆ ವೈಯಕ್ತಿಕ ಅಪಘಾತ ವಿಮೆ, 5 ಸೀಟಿಗೆ ತಲಾ 1 ಲಕ್ಷ, 250 ರೂಪಾಯಿ. ಅದನ್ನೂ ಹಾಕಿಸಿದೆ. ಇದು ಯಾರ ತಪ್ಪಾದರೂ ಸಿಗೋ ದುಡ್ಡು, ಮೇಲಿನ ಹೊಣೆಗಾರಿಕೆಗೆ ಬದಲಿಯಲ್ಲ. ಇನ್ನು ಮಾಲೀಕ-ಚಾಲಕರ 15 ಲಕ್ಷದ ಕಡ್ಡಾಯ ವಿಮೆ. ಇಲ್ಲಿ ಒಂದು ಮಾತು. ಇದು ಸಿಗೋದು ಆರ್‌ಸಿಯಲ್ಲಿ ಹೆಸರಿರೋ ಮಾಲೀಕರಿಗೆ, ಅವರಿಗೆ ಲೈಸೆನ್ಸ್ ಇದ್ದರೆ. ನಮ್ಮ ಕಡೆ ಕಾರು ಹೆಂಡತಿ ಹೆಸರಲ್ಲಿ, ಓಡಿಸೋದು ಗಂಡ, ಹೆಂಡತಿಗೆ ಲೈಸೆನ್ಸ್ ಇಲ್ಲ. ಅಂಥ ಮನೆಗಳಲ್ಲಿ ಈ ದುಡ್ಡು ಕಟ್ಟಿಯೂ ಕಟ್ಟದ ಹಾಗೆ. ಮೇಡಮ್ ಇದನ್ನು ತಾವಾಗಿಯೇ ಕೇಳಿ ನನ್ನ ಆರ್‌ಸಿ, ಡಿಎಲ್ ಎರಡೂ ನೋಡಿದರು. ಆನ್‌ಲೈನ್ ತಾಣ 'ಲೈಸೆನ್ಸ್ ಇದೆಯೇ, ಹೌದು/ಇಲ್ಲ' ಅಂತ ಕೇಳಿ ಮುಂದೆ ಹೋಗಿತ್ತು, ಯಾರ ಲೈಸೆನ್ಸ್ ಅಂತ ಕೇಳಲಿಲ್ಲ.

'ಮಿತಿ ಇಲ್ಲ' ಅನ್ನೋ ಸಾಲು ಯಾವಾಗ ಕೈಕೊಡುತ್ತೆ ಅಂತ ಪಾಲಿಸಿಯ ಕೊನೆಯ ಪುಟಗಳಲ್ಲಿದೆ. ಲೈಸೆನ್ಸ್ ಇಲ್ಲದವರ ಕೈಗೆ ಗೊತ್ತಿದ್ದೂ ಗಾಡಿ ಕೊಟ್ಟರೆ, ಗಾಯಗೊಂಡವರಿಗೆ ಕಂಪನಿ ಮೊದಲು ಕೊಟ್ಟು ಆಮೇಲೆ ನಮ್ಮಿಂದ ವಸೂಲಿ ಮಾಡಬಹುದು. 2004ರ ಸ್ವರಣ್ ಸಿಂಗ್ ತೀರ್ಪಿನಿಂದ ಈ ಪದ್ಧತಿ ಗಟ್ಟಿಯಾಯಿತು. ಮೇಲೆ ಹಾಕಿದ 40 ಲಕ್ಷದ ಲೆಕ್ಕ ಆಗ ನಮ್ಮ ಮನೆ ಬಾಗಿಲಿಗೆ ಬಂತು ಅಂತಲೇ. ಇನ್ನೊಂದು, ಬಾಡಿಗೆ. ವೈಟ್ ಬೋರ್ಡ್ ಕಾರನ್ನು ಸವದತ್ತಿ ಎಲ್ಲಮ್ಮನ ಗುಡ್ಡಕ್ಕೋ ಧರ್ಮಸ್ಥಳಕ್ಕೋ ದುಡ್ಡು ತಗೊಂಡು ಕಳಿಸೋದು ಗದಗದಲ್ಲಿ ಮಾಮೂಲು. ಖಾಸಗಿ ಕಾರಿನ ಪಾಲಿಸಿಯಲ್ಲಿ ಬಾಡಿಗೆಗೆ ಬಳಕೆ ಇಲ್ಲ ಅಂತ ಸ್ಪಷ್ಟವಾಗಿಯೇ ಬರೆದಿದೆ. ನನ್ನ ಪಾಲಿಸಿಯಲ್ಲಿ ಸ್ಪಷ್ಟವಾಗಿರೋ ಕೆಲವೇ ವಾಕ್ಯಗಳಲ್ಲಿ ಇದೊಂದು.

ಷರತ್ತುಗಳಲ್ಲಿ ನನಗೆ ಹೊಸದಾಗಿ ಕಂಡದ್ದು ರಾಜಿಯ ವಿಷಯ. ನಮ್ಮಲ್ಲಿ ಅಪಘಾತ ಆದ ಕೂಡಲೇ ಹಿರಿಯರು ನಾಲ್ಕು ಜನ ಕೂಡುತ್ತಾರೆ. 'ಆತು ಬಿಡ್ರಿ, ಇಪ್ಪತ್ತ್ ಸಾವಿರ ಕೊಡ್ರಿ, ಮುಗಸ್ರಿ' ಅಂತ ಅಲ್ಲೇ ತೀರ್ಮಾನ. ಒಂದು ಚೀಟಿಯಲ್ಲಿ 'ತಪ್ಪು ನಮ್ಮದೇ' ಅಂತ ಬರೆಸಿ ಸಹಿಯನ್ನೂ ಹಾಕಿಸುತ್ತಾರೆ. ಪಾಲಿಸಿಯ ಷರತ್ತಿನ ಪ್ರಕಾರ ಕಂಪನಿಯ ಲಿಖಿತ ಒಪ್ಪಿಗೆ ಇಲ್ಲದೆ ತಪ್ಪು ಒಪ್ಪಿಕೊಳ್ಳಬಾರದು, ದುಡ್ಡು ಕೊಡುತ್ತೇನೆ ಅಂತ ಮಾತೂ ಕೊಡಬಾರದು. ಗಾಯಗೊಂಡವರನ್ನು ಆಸ್ಪತ್ರೆಗೆ ಸೇರಿಸೋದು, ಪೊಲೀಸರಿಗೆ ತಿಳಿಸೋದು ಮೊದಲು. ಚೀಟಿಗೆ ಸಹಿ ಹಾಕೋಕೆ ಹೋಗಬೇಡಿ. ಕೋರ್ಟಿನಿಂದ ನೋಟಿಸ್ ಬಂದರೆ ಅದನ್ನು ತಕ್ಷಣ ಕಂಪನಿಗೆ ತಲುಪಿಸಬೇಕು. ಕಂಪನಿಯ ಒಪ್ಪಿಗೆ ಪಡೆದು ಮಾಡಿದ ವಕೀಲರ ಖರ್ಚನ್ನೂ ಅವರೇ ಕೊಡುತ್ತಾರೆ. ಥರ್ಡ್ ಪಾರ್ಟಿ ಕ್ಲೇಮ್ ಆದರೆ ನೋ ಕ್ಲೇಮ್ ಬೋನಸ್ ಹೋಗುತ್ತೆ ಅನ್ನೋ ಭಯವೂ ಬೇಡ. ಕ್ಲೇಮ್ ಮಾಡದ ವರ್ಷಕ್ಕೆ ಸಿಗೋ ಆ ರಿಯಾಯಿತಿ ನಮ್ಮ ಗಾಡಿ ಡ್ಯಾಮೇಜ್ ಭಾಗಕ್ಕೆ ಸೇರಿದ್ದು.

ಈಗ ಸೇವೆಯ ವಿಷಯ. ಕಂಪನಿಗೆ ಐದರಲ್ಲಿ ಎರಡೂವರೆ. ಎಂಜಿನ್ ನಂಬರಿನಲ್ಲಿ ಒಂದು ಅಂಕಿ ತಪ್ಪು ಬಂತು, 3 ಇರಬೇಕಾದಲ್ಲಿ 8. ಪ್ರೂಫ್ ನೋಡೋ ಅಭ್ಯಾಸ ಇರೋದಕ್ಕೆ ಸಿಕ್ಕಿತು. ಸಹಾಯವಾಣಿಗೆ ಫೋನ್ ಮಾಡಿದರೆ ಕನ್ನಡಕ್ಕೆ ಒಂದು ನಂಬರ್ ಒತ್ತಿ ಅಂತ ಹೇಳಿ, ಒತ್ತಿದ ಮೇಲೆ ಹಿಂದಿಯಲ್ಲೇ ಮಾತು. ಆರ್‌ಸಿ ಪ್ರತಿ ಕಳಿಸಿದೆ, ಮತ್ತೆ ಕೇಳಿದರು, ಮತ್ತೆ ಕಳಿಸಿದೆ. ತಿದ್ದುಪಡಿ ಪತ್ರ ಬರೋವರೆಗೆ ಸಾಕುಸಾಕಾಯಿತು. ಪಾಲಿಸಿಯ ಕನ್ನಡ ಪ್ರತಿ ಬೇಕು ಅಂದದ್ದಕ್ಕೆ ಉತ್ತರವೇ ಬರಲಿಲ್ಲ. ಹೊಣೆಗಾರಿಕೆಯ ಎರಡು ಸಾಲನ್ನು ಮೊದಲ ಪುಟಕ್ಕೆ ತಂದು ಹತ್ತು ಪಾಯಿಂಟಿನಲ್ಲಿ ಕಪ್ಪು ಶಾಯಿಯಲ್ಲಿ ಹಾಕೋಕೆ ಏನು ಕಷ್ಟ? ಮೊದಲ ಪುಟದಲ್ಲಿ ಈಗ ನಗುವ ಕುಟುಂಬದ ಫೋಟೊ ಇದೆ.

ಏಜೆಂಟ್ ಮೇಡಮ್ ಅವರಿಗೆ ನಾಲ್ಕು. ಅವಸರ ಮಾಡಲ್ಲ. ಕೇಳಿದ್ದಕ್ಕೆ ಪಾಲಿಸಿ ತೆರೆದು ಆ ಸಾಲನ್ನೇ ಬೆರಳಿಟ್ಟು ತೋರಿಸುತ್ತಾರೆ. ಗೊತ್ತಿಲ್ಲದ್ದನ್ನು 'ಕೇಳಿ ಹೇಳ್ತೀನ್ರಿ' ಅಂದು ಮರುದಿನ ನಿಜವಾಗಿಯೂ ಹೇಳುತ್ತಾರೆ. ನೂರು ರೂಪಾಯಿಯ ಟಿಕ್ ಬಗ್ಗೆ ಕೇಳಿದಾಗ 'ನಾ ಯಾರಿಗೂ ಹಾಕಂಗಿಲ್ರಿ ಸರ, ನಾಳೆ ಅವ್ರು ಬಂದು ನನ್ನ ಮುಂದ ಅಳ್ತಾರ' ಅಂದರು. ಕಳೆದದ್ದು ಒಂದು ಅಂಕ. ಅದು ಆರೋಗ್ಯ ವಿಮೆಯ ಕಾಟಕ್ಕೆ. ಕಾರಿನ ಕೆಲಸ ಮುಗಿದ ಮೇಲೂ ವಾಟ್ಸಾಪ್‌ನಲ್ಲಿ ಬೆಳಗ್ಗೆ ಶುಭೋದಯ, ಸಂಜೆ ಹೆಲ್ತ್ ಪಾಲಿಸಿ. ಸಾವಿರ ರೂಪಾಯಿ ಜಾಸ್ತಿ ಕೊಟ್ಟಿದ್ದಕ್ಕೆ ನನಗೆ ಬೇಜಾರಿಲ್ಲ. ನೀವು ಆನ್‌ಲೈನ್‌ನಲ್ಲೇ ಮಾಡೋರಾದರೆ ಮಾಡಿ, ಆದರೆ ದುಡ್ಡು ಕಟ್ಟೋ ಮೊದಲು 'ಇನ್ನಷ್ಟು ಉಳಿಸಿ' ಅನ್ನೋ ಡಬ್ಬಿ ತೆರೆದು ನೋಡಿ.

ಹೋಗೋರಿಗೆ: ಅವರ ಆಫೀಸು ಮೊದಲ ಮಹಡಿಯಲ್ಲಿ, ಲಿಫ್ಟ್ ಇಲ್ಲ. ಕೆಳಗೆ ಕಾರು ನಿಲ್ಲಿಸೋಕೆ ಜಾಗವೂ ಇಲ್ಲ, ಚಿಗರಿ ಬಸ್ಸಿಗೆ ಹೋಗೋದೇ ವಾಸಿ. ಮಧ್ಯಾಹ್ನ ಒಂದೂವರೆಯಿಂದ ಮೂರರವರೆಗೆ ಊಟದ ಹೊತ್ತು, ಫೋನೂ ಎತ್ತಲ್ಲ. ಹಳೆ ಪಾಲಿಸಿ, ಆರ್‌ಸಿ, ಡಿಎಲ್ ಮೂರೂ ಒಯ್ಯಿರಿ. ಗಾಡಿ ಯಾರ ಹೆಸರಲ್ಲಿದೆಯೋ ಅವರನ್ನೂ ಕರೆದುಕೊಂಡು ಹೋಗಿ, ಇಲ್ಲಾಂದ್ರೆ 'ನಾಳೆ ಕರ್ಕೊಂಡ್ ಬರ್ರಿ' ಅಂತ ವಾಪಸ್ ಕಳಿಸುತ್ತಾರೆ.